ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡಿದೆ ಎನ್ನೋಣ. ಕಾರೇನೋ ಓಡುತ್ತಿದೆ. ಪಿಕಪ್ ತುಸು ಕಮ್ಮಿ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಸಣ್ಣಗೆ ನಡುಗುತ್ತದೆ, ಅಷ್ಟೆ. ಗ್ಯಾರೇಜಿನ ಹುಡುಗ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ಪರದೆಯ ಮೇಲೆ ‘ಪಿ0171’ ಮೂಡುತ್ತದೆ. ಪಕ್ಕದಲ್ಲೇ ‘ಸಿಸ್ಟಮ್ ಟೂ ಲೀನ್’ ಎಂಬ ವಿವರಣೆ. ಅಂದರೆ ಎಂಜಿನ್ನಿನೊಳಗೆ ಉರಿಯುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇದನ್ನು ಪತ್ತೆ ಮಾಡುವುದು ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರ್. ‘ಸೆನ್ಸರ್ ಹೋಗಿದೆ ಸಾರ್’ ಎಂಬ ತೀರ್ಪು ಹೊರಬೀಳುತ್ತದೆ. ಕೆಲವು ಸಾವಿರ ರೂಪಾಯಿ ಕೊಟ್ಟು ಹೊಸದನ್ನು ಹಾಕಿಸುತ್ತಾರೆ, ಕೋಡ್ ಅಳಿಸುತ್ತಾರೆ, ದೀಪ ಆರುತ್ತದೆ. ನಾಲ್ಕು ದಿನ ಕಳೆಯುವುದರೊಳಗೆ ಮತ್ತೆ ಹೊತ್ತಿಕೊಳ್ಳುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಗಾಳಿ ಜಾಸ್ತಿಯಾಗಿದೆ ಎಂದು ದೂರಿದೆ, ಗಾಳಿ ನಿಜಕ್ಕೂ ಜಾಸ್ತಿಯಾಗಿತ್ತು. ಸ್ಕ್ಯಾನರಿನಲ್ಲಿ ಕಾಣುವ ಕೋಡನ್ನು ಕೆಟ್ಟುಹೋದ ಬಿಡಿಭಾಗದ ಹೆಸರು ಎಂದು ಓದುವುದೇ ಈ ಗೊಂದಲದ ಮೂಲ. ಯಾವ ಪರೀಕ್ಷೆಯಲ್ಲಿ ಎಂಜಿನ್ ಫೇಲಾಯಿತು ಎಂಬುದನ್ನಷ್ಟೇ ಕೋಡ್ ಹೇಳುತ್ತದೆ. ಏಕೆ ಫೇಲಾಯಿತು ಎಂಬುದನ್ನು ಹುಡುಕುವ ಕೆಲಸ ಮೆಕ್ಯಾನಿಕ್ಕಿನದು.

ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ತಪ್ಪಿದೆಯೇ ಎಂದು ನೋಡಲು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದರೆ ಸಾಕು. ಆಕ್ಸಿಜನ್ ಸೆನ್ಸರಿನ ತುದಿಯಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ. ಅದರ ಒಂದು ಬದಿಗೆ ಬಿಸಿ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡೂ ಬದಿಯ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ ಅದು ಪುಟ್ಟ ಬ್ಯಾಟರಿಯಾಗುತ್ತದೆ. ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟಿನ ಹತ್ತಿರ, ಗಾಳಿ ಹೆಚ್ಚಾದರೆ 0.1 ವೋಲ್ಟಿನ ಹತ್ತಿರ. ಬಾಷ್ ಕಂಪನಿ ತಯಾರಿಸಿದ ಇಂಥ ಸೆನ್ಸರ್ 1976ರಲ್ಲಿ ಮೊದಲಿಗೆ ವೋಲ್ವೋ ಕಾರುಗಳಲ್ಲಿ, ಅದೂ ಅಮೆರಿಕಕ್ಕೆ ಹೊರಟಿದ್ದ ಕಾರುಗಳಲ್ಲಿ ಬಂತು. ಸೆನ್ಸರ್ ಕೆಡುವುದೇ ಇಲ್ಲ ಎಂದಲ್ಲ. ವಯಸ್ಸಾದಂತೆ ಸೋಮಾರಿಯಾಗುತ್ತದೆ, ಒಳಗಿನ ಹೀಟರ್ ಸುಟ್ಟುಹೋಗುತ್ತದೆ. ಆದರೆ ಅವಕ್ಕೆ ಬೇರೆಯದೇ ಕೋಡುಗಳಿವೆ. ನಿಧಾನವಾಗಿ ಪ್ರತಿಕ್ರಿಯಿಸಿದರೆ ಪಿ0133, ಹೀಟರಿನ ಸರ್ಕ್ಯೂಟ್ ಕೈಕೊಟ್ಟರೆ ಪಿ0135. ಅವು ಯಾವುವೂ ಬಾರದೆ ಪಿ0171 ಒಂದೇ ಬಂದಿದ್ದರೆ ಸೆನ್ಸರಿನ ಮೇಲೆ ಕೈಹಾಕುವ ಮೊದಲು ನೋಡಬೇಕಾದ್ದು ಬಹಳ ಇದೆ.

ಆ ನೋಡಬೇಕಾದ್ದೆಲ್ಲ ಅದೇ ಸ್ಕ್ಯಾನರಿನಲ್ಲಿ, ‘ಲೈವ್ ಡೇಟಾ’ ಎಂಬ ಪುಟದಲ್ಲಿರುತ್ತದೆ. ಅಲ್ಲಿ ‘ಫ್ಯುಯೆಲ್ ಟ್ರಿಮ್’ ಹೆಸರಿನ ಎರಡು ಸಂಖ್ಯೆಗಳಿವೆ, ಒಂದು ಅಲ್ಪಾವಧಿಯದು, ಇನ್ನೊಂದು ದೀರ್ಘಾವಧಿಯದು. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಮ್ಮಿ ಪೆಟ್ರೋಲ್ ಹಾಕುತ್ತಿದೆ ಎಂಬುದು ಇವುಗಳ ಅರ್ಥ. ಆರೋಗ್ಯವಂತ ಎಂಜಿನ್ನಿನಲ್ಲಿ ಎರಡೂ ಸೇರಿ ಸೊನ್ನೆಯ ಆಚೀಚೆ ಐದರಷ್ಟಿರುತ್ತದೆ, ಹತ್ತರವರೆಗೆ ಹೋದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಷ್ಟು ಪೆಟ್ರೋಲ್ ಸುರಿದರೂ ಮಿಶ್ರಣ ಸರಿಯಾಗದೆ ಈ ಸಂಖ್ಯೆ ಇಪ್ಪತ್ತು, ಇಪ್ಪತ್ತೈದರ ಆಸುಪಾಸಿಗೆ ಏರಿದಾಗ ಇಸಿಯು ಕೈಚೆಲ್ಲಿ ಪಿ0171 ಬರೆದಿಡುತ್ತದೆ.

ಮೊದಲು ಐಡ್ಲಿಂಗಿನಲ್ಲಿ ಟ್ರಿಮ್ ಎಷ್ಟಿದೆ ನೋಡಬೇಕು, ಆಮೇಲೆ ಎಂಜಿನ್ನನ್ನು 2,500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದು ಮತ್ತೆ ನೋಡಬೇಕು. ಐಡ್ಲಿಂಗಿನಲ್ಲಿ +24 ಇದ್ದದ್ದು ರೇಸ್ ಮಾಡಿದಾಗ +6ಕ್ಕೆ ಇಳಿಯಿತು ಎನ್ನೋಣ. ಎಲ್ಲೋ ಗಾಳಿ ಕದ್ದು ಒಳಬರುತ್ತಿದೆ. ಐಡ್ಲಿಂಗಿನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಜೋರಾಗಿರುತ್ತದೆ, ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿ ಕಮ್ಮಿ. ಆಗ ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ನುಗ್ಗುವ ಗಾಳಿಯದೇ ದೊಡ್ಡ ಪಾಲು. ಥ್ರಾಟಲ್ ತೆರೆದು ಧಾರಾಳವಾಗಿ ಗಾಳಿ ಬರತೊಡಗಿದರೆ ಆ ಕಳ್ಳಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ +2 ಇದ್ದದ್ದು ಘಾಟಿ ಹತ್ತುವಾಗ +22ಕ್ಕೆ ಜಿಗಿದರೆ ಲೀಕನ್ನು ಹುಡುಕಿ ಫಲವಿಲ್ಲ. ಬೇಕಾದಷ್ಟು ಪೆಟ್ರೋಲ್ ಬರುತ್ತಿಲ್ಲ: ಪಂಪ್ ದಣಿದಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಗಾಳಿ ಅಳೆಯುವ ಮ್ಯಾಫ್ ಸೆನ್ಸರಿನ ಕೂದಲೆಳೆಯ ಬಿಸಿ ತಂತಿಗೆ ದೂಳು, ಎಣ್ಣೆ ಮೆತ್ತಿ ಅದು ಇರುವುದಕ್ಕಿಂತ ಕಮ್ಮಿ ಗಾಳಿಯನ್ನು ತೋರಿಸುತ್ತಿದೆ. ಕೊನೆಯದಕ್ಕೆ ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿದರೂ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಈ ಸೂತ್ರವನ್ನು ಬಾಯಿಪಾಠ ಮಾಡಿಕೊಂಡವರು ಒಂದು ಕಡೆ ಎಡವುತ್ತಾರೆ. ನಮ್ಮಲ್ಲಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮ್ಯಾಫ್ ಸೆನ್ಸರೇ ಇಲ್ಲ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಿಂದಲೇ ಇಸಿಯು ಗಾಳಿಯ ಲೆಕ್ಕ ಹಾಕುತ್ತದೆ. ಅಂಥ ಕಾರಿನಲ್ಲಿ ಕದ್ದು ಬಂದ ಗಾಳಿಯೂ ಒತ್ತಡ ಹೆಚ್ಚಿಸುವುದರಿಂದ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಅದಕ್ಕೆ ತಕ್ಕ ಪೆಟ್ರೋಲೂ ಬೀಳುತ್ತದೆ. ಟ್ರಿಮ್ ಅಷ್ಟಾಗಿ ಕದಲದೆ, ಐಡ್ಲಿಂಗ್ ಮಾತ್ರ ಏರಿ ಕೂರುತ್ತದೆ. ಅದೇ ಬಿರುಕು, ಅದೇ ಪೈಪ್, ಆದರೆ ಒಂದು ಕಾರಿನಲ್ಲಿ ಕೋಡ್ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ.

ಬಿರುಕು ಎಲ್ಲಿದೆ ಎಂದು ಕಂಡುಹಿಡಿಯಲು ದೊಡ್ಡ ವರ್ಕ್‌ಶಾಪುಗಳಲ್ಲಿ ಹೊಗೆ ಯಂತ್ರವಿದೆ. ಎಂಜಿನ್ ಆಫ್ ಮಾಡಿ ಇನ್‌ಟೇಕಿನೊಳಗೆ ಬಿಳಿ ಹೊಗೆ ಊದಿದರೆ ತೂತಿದ್ದಲ್ಲಿ ಎಳೆಯಾಗಿ ಹೊರಬರುತ್ತದೆ. ಸಣ್ಣ ಗ್ಯಾರೇಜಿನವರು ಓಡುವ ಎಂಜಿನ್ನಿನ ಪೈಪುಗಳ ಮೇಲೆ ಕಾರ್ಬ್ ಕ್ಲೀನರ್ ಚಿಮುಕಿಸಿ ಶಬ್ದ ಬದಲಾಗುವುದನ್ನು ಕಿವಿಯಲ್ಲೇ ಹಿಡಿಯುತ್ತಾರೆ. ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಇದು ಬೆಂಕಿಯ ಜೊತೆಗಿನ ಆಟ.

ಈಗ ಇದಕ್ಕೆ ಎಥೆನಾಲಿನ ಲೆಕ್ಕವೂ ಸೇರಿಕೊಂಡಿದೆ. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಎಥೆನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇದೆ, ಹಾಗಾಗಿ ಇ20ಗೆ ಬೇಕಾದ ಗಾಳಿ 14.7ರ ಬದಲು ಸುಮಾರು 13.5 ಪಾಲು. ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ ಟ್ಯೂನ್ ಆದ ಹಳೆಯ ಕಾರು ಎಂಟು, ಒಂಬತ್ತು ಶೇಕಡಾ ಹೆಚ್ಚು ಇಂಧನ ಚಿಮ್ಮಿಸಿ ಸರಿದೂಗಿಸಿಕೊಳ್ಳಬೇಕು. ಗಟ್ಟಿಮುಟ್ಟಾದ ಎಂಜಿನ್ನಿಗೆ ಇದೇನೂ ಭಾರವಲ್ಲ. ಆದರೆ ಸಣ್ಣ ಲೀಕಿನಿಂದ ಮೊದಲೇ +14ರಲ್ಲಿ ಏದುಸಿರು ಬಿಡುತ್ತಿದ್ದ ಕಾರು ಟ್ಯಾಂಕ್ ತುಂಬಿಸಿದ ಮೇಲೆ ಗಡಿ ದಾಟಿ ದೀಪ ಹೊತ್ತಿಸಬಹುದು. ಮಾಲೀಕರು ಬಂಕಿನವರನ್ನು ಬೈಯುತ್ತಾರೆ. ಪೈಪಿನ ಬಿರುಕು ಅಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ತಪಾಸಣೆಯನ್ನು ಕಾರಿನೊಳಗೆ ತುರುಕಿದವರು ಯಾರು? ಕಾರು ಕೊಂಡವರ ಮೇಲಿನ ಕಾಳಜಿಯಿಂದ ಹುಟ್ಟಿದ್ದಲ್ಲ ಇದು. ಇದರ ತವರು ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜು. ಅನಾನಸಿನ ಪರಿಮಳದ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದ ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಆ ಮಂಜಿನ ಗುಟ್ಟು ಬಿಡಿಸಿದರು. ಕಾರುಗಳು ಉಗುಳುವ ಅರೆಬೆಂದ ಇಂಧನವೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ ಎಂದು ತೋರಿಸಿದರು. 1967ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಶೋರೂಮಿನಿಂದ ಹೊರಬಂದ ಹೊಸ ಕಾರು ಶುದ್ಧವಾಗಿರುವುದು ದೊಡ್ಡದಲ್ಲ, ಆರು ವರ್ಷದ ನಂತರವೂ ಹಾಗೇ ಇದೆಯೇ ಎಂದು ತಿಳಿಯುವುದು ಹೇಗೆ ಎಂಬುದು ಮಂಡಳಿಯ ತಲೆನೋವಾಗಿತ್ತು. ಕಾರೇ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದು 1988ರ ಮಾದರಿಗಳಿಂದ ನಿಯಮ ತಂದಿತು.

ಆ ಕಾಲದ ಕೋಡು ಓದುವುದು ತಂತಿ ಕಚೇರಿಯ ಕೆಲಸವನ್ನು ಹೋಲುತ್ತಿತ್ತು. ಜನರಲ್ ಮೋಟರ್ಸ್ ಕಾರುಗಳಲ್ಲಿ ಸಾಕೆಟ್ಟಿನ ಎರಡು ಪಿನ್ನುಗಳನ್ನು ತಂತಿಯಿಂದ ಜೋಡಿಸಿ ದೀಪದ ಮಿಣುಕು ಎಣಿಸಬೇಕಿತ್ತು. ಒಂದು ಮಿಣುಕು, ತುಸು ಬಿಡುವು, ಆಮೇಲೆ ಎರಡು ಮಿಣುಕು ಬಂದರೆ ಕೋಡ್ 12. ಒಬ್ಬೊಬ್ಬ ತಯಾರಕರದು ಒಂದೊಂದು ಸಾಕೆಟ್, ಒಂದೊಂದು ಸಂಖ್ಯೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯವಾದ ಮೇಲೆ ಎಲ್ಲರಿಗೂ ಒಂದೇ 16 ಪಿನ್ನಿನ ಸಾಕೆಟ್, ಒಂದೇ ಕೋಡುಪಟ್ಟಿ. ಯುರೋಪಿನ ಪೆಟ್ರೋಲ್ ಕಾರುಗಳಿಗೆ ಇದು ಬಂದದ್ದು 2001ರಲ್ಲಿ. ಭಾರತದಲ್ಲಿ ಬಿಎಸ್-4 ನಿಯಮದಡಿ 2010ರಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ. ‘ಪಿ’ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಅದರ ಮುಂದಿನ ಸೊನ್ನೆ ಎಲ್ಲರಿಗೂ ಸಾಮಾನ್ಯವಾದ ಕೋಡು, ಒಂದು ಅಂತಿದ್ದರೆ ಆ ಕಂಪನಿಯ ಸ್ವಂತದ್ದು. ಮೂರನೆಯ ಅಕ್ಷರದ ಜಾಗದಲ್ಲಿ 1 ಇದ್ದರೆ ಗಾಳಿ-ಇಂಧನ, 3 ಇದ್ದರೆ ಇಗ್ನಿಷನ್, 4 ಇದ್ದರೆ ಹೊಗೆ ಶುದ್ಧಿ, 7 ಇದ್ದರೆ ಗೇರ್.

ಹುಟ್ಟಿನ ಈ ಹಿನ್ನೆಲೆ ಗೊತ್ತಿದ್ದರೆ ದೀಪದ ವಿಚಿತ್ರ ನಡವಳಿಕೆ ಅರ್ಥವಾಗುತ್ತದೆ. ಎಂಜಿನ್ ಆಯಿಲ್ ಕಪ್ಪಗಾಗಿದ್ದರೂ ಟೈಮಿಂಗ್ ಬೆಲ್ಟ್ ಹರಿಯುವಂತಿದ್ದರೂ ಅದು ತೆಪ್ಪಗಿರುತ್ತದೆ. ಅಮೆರಿಕದ ನಿಯಮದಲ್ಲಿ ಬಹಳಷ್ಟು ಕೋಡುಗಳ ಗಡಿಯೆಂದರೆ ಹೊಗೆಯ ಮಾಲಿನ್ಯ ಮಿತಿಯ ಒಂದೂವರೆ ಪಟ್ಟು ದಾಟುವುದು. ಮೊದಲ ಸಲ ತಪ್ಪು ಕಂಡರೆ ಇಸಿಯು ಗುಟ್ಟಾಗಿ ‘ಪೆಂಡಿಂಗ್’ ಎಂದು ಬರೆದುಕೊಳ್ಳುತ್ತದೆ, ಮರು ಪಯಣದಲ್ಲೂ ಕಂಡರೆ ದೀಪ. ಸತತ ಮೂರು ಪಯಣ ಸರಿಯಾಗಿದ್ದರೆ ದೀಪ ತಾನಾಗಿ ಆರುತ್ತದೆ, ಕೋಡು ಮಾತ್ರ ಎಂಜಿನ್ ಇನ್ನೂ ನಲವತ್ತು ಸಲ ಕಾದು ತಣಿಯುವವರೆಗೆ ನೆನಪಿನಲ್ಲಿರುತ್ತದೆ. ‘ಗ್ಯಾರೇಜಿಗೆ ಬರುವ ದಿನವೇ ಲೈಟ್ ಆಫ್ ಆಗಿಬಿಡ್ತು’ ಎಂದು ಪೇಚಾಡುವವರ ಕಾರಿನಲ್ಲೂ ಸ್ಕ್ಯಾನರಿಗೆ ಓದಲು ಏನಾದರೂ ಸಿಗುವುದು ಇದರಿಂದಲೇ.

ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಚತುರವಾದದ್ದು ಮಿಸ್‌ಫೈರ್ ಪತ್ತೆ, ಗ್ಯಾರೇಜಿನ ಮಾತಿನಲ್ಲಿ ‘ಮಿಸ್ಸಿಂಗ್’. ಸಿಲಿಂಡರಿನೊಳಗೆ ಇಣುಕಲು ಯಾವ ಕಣ್ಣೂ ಇಲ್ಲ. ಇರುವುದು ಕ್ರ್ಯಾಂಕ್‌ಶಾಫ್ಟಿಗೆ ಅಂಟಿದ ಹಲ್ಲಿನ ಚಕ್ರ, ಅದರೆದುರು ಒಂದು ಸೆನ್ಸರ್. ಬಹಳ ಎಂಜಿನ್ನುಗಳಲ್ಲಿ ಅರವತ್ತು ಹಲ್ಲಿನ ಜಾಗವಿದ್ದು, ಗುರುತಿಗಾಗಿ ಎರಡನ್ನು ತೆಗೆದಿರುತ್ತಾರೆ. ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ಹಲ್ಲು ದಾಟಲು ಸೆಕೆಂಡಿನ ಮೂರು ಸಾವಿರದಲ್ಲೊಂದು ಭಾಗ ಸಾಕು. ಆ ಅವಧಿಯನ್ನು ಇಸಿಯು ಅಳೆಯುತ್ತಲೇ ಇರುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಸರದಿಯಲ್ಲಿ ಚಕ್ರಕ್ಕೆ ತಳ್ಳು ಸಿಗದೆ ಕ್ಷಣಮಾತ್ರ ನಿಧಾನವಾಗುತ್ತದೆ. ಯಾವ ಸಿಲಿಂಡರಿನ ಸರದಿ ಎಂದು ಗೊತ್ತಿರುವುದರಿಂದ ಎರಡನೆಯದು ಕೈಕೊಟ್ಟರೆ ಪಿ0302, ಮೂರನೆಯದಾದರೆ ಪಿ0303, ಎಲ್ಲೆಲ್ಲೋ ಕೈಕೊಡುತ್ತಿದ್ದರೆ ಪಿ0300. ಇಲ್ಲೊಂದು ತೊಡಕೂ ಇದೆ. ಗುಂಡಿಬಿದ್ದ ರಸ್ತೆಯಲ್ಲಿ ಚಕ್ರಗಳು ಎಗರಿ ಬೀಳುವ ಕುಲುಕಾಟ ಆಕ್ಸಲ್ ಮೂಲಕ ಕ್ರ್ಯಾಂಕಿಗೂ ತಲುಪಿ ಮಿಸ್ಸಿಂಗಿನಂತೆಯೇ ಕಾಣಬಹುದು. ಅದಕ್ಕೇ ಎಷ್ಟೋ ಕಾರುಗಳು ಎಬಿಎಸ್ಸಿನ ಚಕ್ರ ಸೆನ್ಸರುಗಳಿಂದ ರಸ್ತೆ ಕೆಟ್ಟಿದೆ ಎಂದು ತಿಳಿದು ಅಷ್ಟು ಹೊತ್ತು ಈ ಪರೀಕ್ಷೆಯನ್ನೇ ನಿಲ್ಲಿಸುತ್ತವೆ. ನಮ್ಮ ಕೆಲವು ರಸ್ತೆಗಳಲ್ಲಿ ಆ ಪರೀಕ್ಷೆಗೆ ನಡೆಯುವ ಭಾಗ್ಯವೇ ಇಲ್ಲ.

ಪಿ0302 ಬಂದರೆ ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ ಎಂದು ಮೂರನ್ನೂ ಹೊಸದು ಹಾಕಬೇಕಿಲ್ಲ. ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್ ಇರುವ ಎಂಜಿನ್ನಾದರೆ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಎರಡನೆಯದಕ್ಕೂ ಅದಲುಬದಲು ಮಾಡಿ ಒಂದು ಸುತ್ತು ಹೋಗಿಬರಬೇಕು. ಕೋಡು ಪಿ0303 ಆಯಿತೇ? ಕಾಯಿಲೇ ಕಳ್ಳ. ಅಲ್ಲೇ ಉಳಿಯಿತೇ? ಪ್ಲಗ್ಗನ್ನು ಬದಲಿಸಿ ನೋಡಬೇಕು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಗೇಜ್. ಖರ್ಚು ಬರೀ ಕೂಲಿ. ದೀಪ ಸುಮ್ಮನೆ ಹೊತ್ತಿರದೆ ಮಿಣುಕುತ್ತಿದ್ದರೆ ಮಾತ್ರ ಇಷ್ಟೆಲ್ಲ ಸಾವಧಾನ ಬೇಡ, ಕಾಲು ಆಕ್ಸಿಲರೇಟರಿನಿಂದ ಮೇಲೇಳಬೇಕು. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತಿದೆ ಎಂದು ಅದರ ಅರ್ಥ. ತಾಪ ಸಾವಿರ ಡಿಗ್ರಿ ದಾಟಿದರೆ ಒಳಗಿನ ಜೇನುಗೂಡಿನ ಮೇಲಿರುವ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ ಕೆಡತೊಡಗುತ್ತದೆ. ಇನ್ನೂ ಏರಿದರೆ ಪಿಂಗಾಣಿಯೇ ಕರಗುತ್ತದೆ. ಕಾಯಿಲ್ಲಿಗೆ ಕೆಲವು ಸಾವಿರವಾದರೆ ಕನ್ವರ್ಟರಿಗೆ ಅದರ ಹಲವು ಪಟ್ಟು.

ಆ ಕನ್ವರ್ಟರಿನದೇ ಕೋಡು ಪಿ0420. ಕನ್ವರ್ಟರಿನ ಹಿಂದೊಂದು ಮುಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಎಂಜಿನ್ ಕಡೆಯದು ಏರಿಳಿಯುತ್ತಲೇ ಇರುತ್ತದೆ. ಕನ್ವರ್ಟರಿನಲ್ಲಿರುವ ಸೀರಿಯಂ ಆಕ್ಸೈಡ್ ಆಮ್ಲಜನಕವನ್ನು ಹೀರಿ, ಬೇಕಾದಾಗ ಬಿಡುವುದರಿಂದ ಹಿಂದಿನದು ಶಾಂತವಾಗಿರಬೇಕು. ಅದೂ ಮೊದಲನೆಯದರಂತೆ ಕುಣಿಯತೊಡಗಿದರೆ ಕನ್ವರ್ಟರ್ ಸೋತಿದೆ ಎಂದು ಇಸಿಯು ಬರೆಯುತ್ತದೆ. ಕನ್ವರ್ಟರ್ ಬದಲಿಸುವ ಮೊದಲು ಎಕ್ಸಾಸ್ಟ್ ಪೈಪಿನ ಜಾಯಿಂಟ್ ಲೀಕಾಗಿ ಹೊರಗಾಳಿ ಒಳಹೋಗುತ್ತಿದೆಯೇ ಎಂದು ನೋಡುವವರು ಕಮ್ಮಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಹೊಸ ಕನ್ವರ್ಟರಿಗೂ ಅದೇ ಗತಿ. ಹಿಂದಿನ ಸೆನ್ಸರಿಗೆ ಉದ್ದನೆಯ ಬುಷ್ ಸಿಕ್ಕಿಸಿ ಹೊಗೆಯಿಂದ ದೂರವಿಟ್ಟು ಮಂಕುಬೂದಿ ಎರಚುವ ‘ಪರಿಹಾರ’ವೂ ಮಾರುಕಟ್ಟೆಯಲ್ಲಿದೆ. ಅದರಿಂದ ವಾಸಿಯಾಗುವುದು ದೀಪ ಮಾತ್ರ.

ಸಂಖ್ಯೆ ನೋಡುವ ಅಭ್ಯಾಸ ಇದ್ದವರಿಗೆ ಕೆಲವು ತಪ್ಪುಗಳು ತಾವಾಗಿಯೇ ಬಾಯಿಬಿಡುತ್ತವೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ನಿಂತ ಕಾರಿನ ಕೂಲಂಟ್ ತಾಪ ಸ್ಕ್ಯಾನರಿನಲ್ಲಿ −40 ಡಿಗ್ರಿ ಎಂದು ಕಂಡರೆ ಅದು ವೈರ್ ತುಂಡಾದ ಗುರುತು. ಆ ಸೆನ್ಸರಿನ ವಿದ್ಯುತ್ ರೋಧ ಚಳಿಯಲ್ಲಿ ಏರುತ್ತದೆ. ವೈರೇ ಇಲ್ಲದಿದ್ದರೆ ರೋಧ ಅನಂತ, ಇಸಿಯು ಅದನ್ನು ತನಗೆ ಗೊತ್ತಿರುವ ಅತಿ ಕಡೆಯ ಚಳಿ ಎಂದುಕೊಳ್ಳುತ್ತದೆ. ಹೆಗ್ಗಣ ಕಡಿದ ವೈರುಗಳ ಪತ್ತೆ ಹೀಗೂ ಆಗುತ್ತದೆ.

ಏನೇ ಇರಲಿ, ಮೊದಲೇ ಕೋಡ್ ಅಳಿಸುವುದು ಅಥವಾ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕುವುದು ಕೆಟ್ಟ ಚಾಳಿ. ದೀಪ ಹೊತ್ತಿದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು, ಟ್ರಿಮ್ ಎಷ್ಟಿತ್ತು ಎಂಬುದನ್ನೆಲ್ಲ ಇಸಿಯು ‘ಫ್ರೀಜ್ ಫ್ರೇಮ್’ ಎಂಬ ಚಿತ್ರವಾಗಿ ಉಳಿಸಿಕೊಂಡಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಬಿಎಸ್-6 ಡೀಸೆಲ್ ಕಾರುಗಳಲ್ಲಂತೂ ಅಳಿಸಿ ಪ್ರಯೋಜನವೇ ಇಲ್ಲ. ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರ್ ತುಂಬಿದಾಗ ಪಿ2463 ಬರುತ್ತದೆ. ಆ ಮಸಿ ಸುಡಲು 600 ಡಿಗ್ರಿಯಷ್ಟು ತಾಪ ಬೇಕು, ಅಷ್ಟು ತಾಪ ನಿಲ್ಲಲು ಹೆದ್ದಾರಿಯ ಓಟ ಬೇಕು. ಮನೆಯಿಂದ ಸ್ಕೂಲು, ಸ್ಕೂಲಿನಿಂದ ಸಿಲ್ಕ್ ಬೋರ್ಡ್ ಎಂದು ತೆವಳುವ ಕಾರಿಗೆ ಅದು ಸಿಗದು. ಸುಡುವ ಪ್ರಯತ್ನ ಪದೇ ಪದೇ ಅರ್ಧಕ್ಕೆ ನಿಂತು, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿಪಡಬಾರದು.

ಕೋಡೇ ಬಾರದ ತಪ್ಪುಗಳದ್ದು ಇನ್ನೊಂದು ಕಥೆ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಡೀಸೆಲ್ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯಲು ಹೊರಟಿತು. ಬೆಂಗಳೂರಿನ ಹೇಮಂತ್ ಕಪ್ಪಣ್ಣ ಆ ತಂಡದಲ್ಲಿದ್ದರು. ಫೋಕ್ಸ್‌ವ್ಯಾಗನ್ ಜೆಟ್ಟಾ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಯ 15ರಿಂದ 35 ಪಟ್ಟು, ಪಸ್ಸಾಟ್ ಕಾರಿನದು 5ರಿಂದ 20 ಪಟ್ಟು ಬಂತು. ಒಂದೂವರೆ ಪಟ್ಟಿಗೆ ದೀಪ ಹೊತ್ತಬೇಕೆಂಬ ನಾಡಿನಲ್ಲಿ ಹೀಗೆ ಓಡುತ್ತಿದ್ದ ಕಾರುಗಳು ಲಕ್ಷಗಟ್ಟಲೆ. ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿದಾಗ ಮಾತ್ರ ಸರಿಯಾಗಿ ನಡೆದುಕೊಳ್ಳುವಂತೆ ಇಸಿಯು ತಂತ್ರಾಂಶ ಬರೆದಿದ್ದರು. ತಪ್ಪು ಮಾಡುವ ತಂತ್ರಾಂಶಕ್ಕೇ ತಪ್ಪು ಹಿಡಿಯುವ ಕೆಲಸವೂ ಇತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಕಪ್ಪಣ್ಣ ಮತ್ತು ಜೊತೆಗಾರರು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟನ್ನಷ್ಟೇ ನೆಚ್ಚಿಕೊಂಡಿರಲಿಲ್ಲ. ಹೊಗೆ ವಿಶ್ಲೇಷಿಸುವ ಯಂತ್ರವನ್ನು ಡಿಕ್ಕಿಯಲ್ಲಿಟ್ಟು ಅದರ ಕೊಳವೆಯನ್ನು ನೇರ ಸೈಲೆನ್ಸರಿಗೆ ಜೋಡಿಸಿದ್ದರು. ಅಂಥದೇ ಯಂತ್ರವನ್ನು ಹೊತ್ತು ರಸ್ತೆಯಲ್ಲಿ ಓಡಿ ಮಿತಿಯೊಳಗಿರುವುದನ್ನು ತೋರಿಸಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಭಾರತದ ಹೊಸ ಕಾರುಗಳಿಗೂ ಬಂದಿದೆ.